ನನ್ನ ಸರ್ಟಿಫಿಕೇಟ್ ಬಾಡಿಗೆಗಿಲ್ಲ (ಬಿ.ಫಾರ್ಮ್ ಕಲಿಸಿದ್ದು, ಭಾಗ 4)

ನಾಲ್ಕು ವರ್ಷ ಬಿ.ಫಾರ್ಮ್ ಓದಿ ಕಳಸಕ್ಕೆ ವಾಪಸ್ ಬಂದ ವಾರವೇ ಸಿಕ್ಕ ಮೊದಲ ಜಾಬ್ ಆಫರ್ ಕೇಳಿ: "ನೀನು ಬರೋದೇ ಬೇಡ, ಸರ್ಟಿಫಿಕೇಟ್ ಕೊಡು ಸಾಕು. ತಿಂಗಳು ತಿಂಗಳು ದುಡ್ಡು ಅಕೌಂಟಿಗೆ ಬರುತ್ತೆ."

ಮನೇಲೂ ಅದೇ ರಾಗ. "ಕೊಡು ಮಾರಾಯ, ನೀ ಕಳ್ಕೊಳ್ಳೋದು ಎಂತ?" ಅಂದ್ರು ದೊಡ್ಡಪ್ಪ. ಓದಿನ ಸಾಲ ತೀರಿಲ್ಲ. ಆಸೆ ಆಗ್ಲಿಲ್ಲ ಅಂದ್ರೆ ಸುಳ್ಳು.

ಆದ್ರೆ ಕಳ್ಕೊಳ್ಳೋದು ನಾನಲ್ಲ. ಕಾಫಿ ಕುಯ್ಲಿನ ಟೈಮಲ್ಲಿ ಲೈನ್ ಮನೆಯಿಂದ ಒಬ್ಬರು ಸೊಂಟನೋವು ಅಂತ ಬರ್ತಾರೆ. ಕೌಂಟರಲ್ಲಿರೋ ಹುಡುಗ ಚೀಟಿ ಕೇಳ್ದೆ ಡೈಕ್ಲೋಫೆನಾಕ್ ಸ್ಟ್ರಿಪ್ಪಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಡ್ತಾನೆ. ಹೆಸರು, ಎಕ್ಸ್‌ಪೈರಿ ಎರಡೂ ಅಂಗಡೀಲಿ ಉಳಿದ ತುಂಡಲ್ಲೇ! ಬಿಪಿ ಇದ್ಯಾ, ಹೊಟ್ಟೆಹುಣ್ಣು ಇದ್ಯಾ, ಕಿಡ್ನಿ ತೊಂದ್ರೆ ಇದ್ಯಾ, ಯಾರೂ ಕೇಳಲ್ಲ. ಅದನ್ನ ಕೇಳೋಕೇ ಅಲ್ವಾ ನಾನು ಓದಿದ್ದು?

1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಡಾಕ್ಟರ್ ಚೀಟಿಗೆ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. 2014ರಿಂದ ಶೆಡ್ಯೂಲ್ ಎಚ್1 ಔಷಧಿಗಳಿಗೆ (ಹಲವು ಆಂಟಿಬಯೋಟಿಕ್, ಟಿಬಿ ಮಾತ್ರೆ) ಬೇರೆ ರಿಜಿಸ್ಟರ್, ಮೂರು ವರ್ಷ ಇಟ್ಕೊಬೇಕು. ಬಾಡಿಗೆ ಸರ್ಟಿಫಿಕೇಟಿನ ಅಂಗಡೀಲಿ ಅದನ್ನ ಬರೆಯೋರು ಯಾರು?

"ಹಳ್ಳಿ ಕಡೆ ಫಾರ್ಮಸಿಸ್ಟ್ ಸಿಗಲ್ಲ" ಅಂತಾರೆ. ಸಿಕ್ಕವನಿಗೆ ಮನೇಲಿ ಕೂರು ಅಂದೋರು ಇವರೇ. ಬಾಡಿಗೆಗೆ ಕೊಟ್ಟಿರೋ ನನ್ನ ಕ್ಲಾಸ್‌ಮೇಟ್ಸ್, ನಿಮಗೂ ಹೇಳ್ತಿದೀನಿ: ಕೌಂಟರಲ್ಲಿ ನಿಲ್ಲೋರಿಗೆ ಸಂಬಳ ಏರದೇ ಇರೋಕೆ ನೀವೂ ಕಾರಣ.

ದೊಡ್ಡಪ್ಪ ಒಂದು ವಾರದಿಂದ ಮಾತಾಡಿಲ್ಲ. ಭಾಗ 5 ನಾಡಿದ್ದು.