ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಎಲ್ಲ ಕಬ್ಬಿಣವೂ ಗಟ್ಟಿಯಾಗುತ್ತದೆಯೇ?

ಕಬ್ಬಿಣವನ್ನು ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಕುಲುಮೆಯಲ್ಲಿ ಕುಡುಗೋಲು, ಕೊಡಲಿ ಮಾಡಿಸಿದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಹಿರೇಕೆರೂರು ಭಾಗದ ಹಳ್ಳೂರಿನ ಉತ್ಖನನದಲ್ಲಿ ಸುಮಾರು 3,000 ವರ್ಷ ಹಳೆಯ ಕಬ್ಬಿಣದ ವಸ್ತುಗಳೇ ಸಿಕ್ಕಿವೆ. ಆದರೂ ಈ ಮಾತು ಅರ್ಧ ಮಾತ್ರ ನಿಜ.

ನೀರು ಏನು ಮಾಡುತ್ತದೆ?

ನೀರಿನಿಂದ ಶಕ್ತಿ ಬರುವುದಿಲ್ಲ. ಉಕ್ಕು ಎಂದರೆ ಕಬ್ಬಿಣದ ಜೊತೆ ಸ್ವಲ್ಪ ಇಂಗಾಲ. ಸುಮಾರು 727 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದರೊಳಗಿನ ಹರಳುಗಳ ಜೋಡಣೆ ಬದಲಾಗಿ, ಇಂಗಾಲ ಕಬ್ಬಿಣದಲ್ಲಿ ಕರಗತೊಡಗುತ್ತದೆ. ನಿಧಾನವಾಗಿ ಆರಿದರೆ ಇಂಗಾಲ ಹೊರಬಂದು ಬೇರೆ ಪದರವಾಗುತ್ತದೆ, ಉಕ್ಕು ಮೆತ್ತಗಿರುತ್ತದೆ. ಥಟ್ಟನೆ ತಣಿಸಿದರೆ ಇಂಗಾಲ ಒಳಗೇ ಸಿಕ್ಕಿಕೊಳ್ಳುತ್ತದೆ. ಹೀಗೆ ಹುಟ್ಟುವ ಗಟ್ಟಿ ರಚನೆಯೇ ಮಾರ್ಟೆನ್ಸೈಟ್.

ಹಾಗಾಗಿ ಇಂಗಾಲ ತೀರಾ ಕಡಿಮೆಯಿರುವ ಕಿಟಕಿ ಸರಳನ್ನು ಎಷ್ಟು ಅದ್ದಿದರೂ ಒಳ್ಳೆಯ ಕುಡುಗೋಲಾಗದು. ಇಂಗಾಲ ಹೆಚ್ಚಿರುವ ಲಾರಿಯ ಸ್ಪ್ರಿಂಗ್ ಪಟ್ಟಿ ಆಗುತ್ತದೆ.

ಅದ್ದಿದರೆ ಮುಗಿಯಿತೇ?

ಇಲ್ಲ. ಬರೀ ಅದ್ದಿದ ಉಕ್ಕು ಗಟ್ಟಿ, ಆದರೆ ಪೆಡಸು. ಕಲ್ಲಿಗೆ ತಗುಲಿದರೆ ಚೂರು ಸಿಡಿದು ಕಣ್ಣಿಗೆ ಬೀಳಬಹುದು. ಅದಕ್ಕೇ ಮತ್ತೆ 200ರಿಂದ 300 ಡಿಗ್ರಿವರೆಗೆ ಹದವಾಗಿ ಕಾಯಿಸುತ್ತಾರೆ. ಉಜ್ಜಿದ ಅಂಚಿನಲ್ಲಿ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಕೊನೆಗೆ ನೀಲಿ ಬಣ್ಣ ಮೂಡುತ್ತದೆ. ಕೆಲಸ ಬಲ್ಲ ಕಂಬಾರರು ಈ ಬಣ್ಣ ನೋಡಿಯೇ ಹದ ಹೇಳುತ್ತಾರೆ. ಸಾಣೆ ಯಂತ್ರದಲ್ಲಿ ಹರಿತ ಮಾಡಿಸುವಾಗ ಅಂಚು ನೀಲಿಯಾದರೆ ಹದ ಕೆಟ್ಟಿದೆ, ಬೇಗ ಮೊಂಡಾಗುತ್ತದೆ ಎಂದೇ ಅರ್ಥ.

ಮನೆ ಕಟ್ಟುವವರು ಗಮನಿಸಿ

ಟಿಎಂಟಿ ರಾಡ್ ಕೂಡ ಇದೇ ವಿದ್ಯೆಯ ಫಲ. ಕಾರ್ಖಾನೆಯಲ್ಲಿ ಕಾದ ರಾಡ್ ಮೇಲೆ ರಭಸದಿಂದ ನೀರು ಹಾಯಿಸುತ್ತಾರೆ. ಹೊರಭಾಗ ಗಟ್ಟಿಯಾಗುತ್ತದೆ, ಒಳಗಿನ ಬಿಸಿಯೇ ಹೊರಬಂದು ಅದಕ್ಕೆ ಹದ ಕೊಡುತ್ತದೆ, ತಿರುಳು ಬಾಗುವಷ್ಟು ಮೆತ್ತಗೆ ಉಳಿಯುತ್ತದೆ. ಬಾಗಿಸಲು ಸುಲಭವೆಂದು ಇದನ್ನು ಕೆಂಪಗೆ ಕಾಯಿಸಿದರೆ ಆ ಗಟ್ಟಿ ಹೊರಪದರವೇ ಹೋಗುತ್ತದೆ. ಮೇಲೆ ನೀರು ಸುರಿದರೆ ಹಳೆಯ ಗುಣ ಮರಳುವುದಿಲ್ಲ, ಪೆಡಸಾಗುವ ಅಪಾಯವೇ ಹೆಚ್ಚು. ಹೊರನೋಟಕ್ಕೆ ಏನೂ ಗೊತ್ತಾಗದು, ಆದರೆ ಇಂಜಿನಿಯರ್ ಲೆಕ್ಕ ಹಾಕಿದ ಭಾರವನ್ನು ಅದು ಹೊರಲಾರದು. ರಾಡನ್ನು ತಣ್ಣಗಿರುವಾಗಲೇ ಬಾಗಿಸಲು ಹೇಳಿ.

ಸಾರಾಂಶ: ಗಟ್ಟಿತನ ನೀರಿನಲ್ಲಿಲ್ಲ. ಇಂಗಾಲ, ಬಿಸಿ ಮತ್ತು ತಣಿಸುವ ವೇಗ, ಈ ಮೂರೂ ಕೂಡಿದರೆ ಮಾತ್ರ ಹದ. ಮನೆ ಕಟ್ಟಿಸುತ್ತಿರುವವರಿಗೆ ಇದನ್ನು ಫಾರ್ವರ್ಡ್ ಮಾಡಿ.