ಹಗುರಾದುದು ಗಟ್ಟಿಯಾಗುವ ಬಗೆ

ಚಳಿಗಾಲ ಕಾಲಿಟ್ಟಿತೆಂದರೆ ಸುರಪುರ ಸೀಮೆಯ ಬೋನಾಳದ ಕೆರೆಗೆ ದೂರದ ಅತಿಥಿಗಳು ಬಂದಿಳಿಯುತ್ತವೆ. ತಲೆಯ ಮೇಲೆ ಎರಡು ಕರಿಯ ಪಟ್ಟೆಗಳನ್ನು ಹೊತ್ತ ಹೆಬ್ಬಾತುಗಳು ಹಿಮಾಲಯವನ್ನೇ ದಾಟಿ ಬರುವ ಹಕ್ಕಿಗಳು. ಅಷ್ಟು ದೂರ ಹೊತ್ತು ತರುವ ರೆಕ್ಕೆಯ ಮೂಳೆಯಾದರೋ ಒಳಗೆ ಪೊಳ್ಳು! ಸುತ್ತ ತೆಳುವಾದ ಗಟ್ಟಿ ಗೋಡೆ. ಒಳಗೆ ಅಲ್ಲಲ್ಲಿ ಆಸರೆಯ ಸಣ್ಣ ಕಡ್ಡಿಗಳು. ಭಾರವಿಲ್ಲದೆ ಬಲವನ್ನು ಪಡೆಯುವ ಉಪಾಯವಿದು.

ಈ ಹಕ್ಕಿಗಳು ಹಿಂದೆ ಬಿಟ್ಟುಬರುವ ಹಿಮದ ಮೇಲೆ ಹಕ್ಕಿಯ ವೇಗದಲ್ಲಿ ಜಾರಬಯಸಿದ ಮನುಷ್ಯನಿಗೂ ಅದೇ ಉಪಾಯ ಬೇಕಾಯಿತು. ಕಾಲಿಗೆ ಕಟ್ಟಿಕೊಳ್ಳುವ ಸ್ಕೀ ಹಲಗೆಯನ್ನು ಬಹುಕಾಲ ಮರದಿಂದಲೇ ಮಾಡುತ್ತಿದ್ದರು. ಹೊವರ್ಡ್ ಹೆಡ್ ಎಂಬ ಅಮೆರಿಕದ ವಿಮಾನ ಎಂಜಿನಿಯರನು 1947ರಲ್ಲಿ ಬೇರೊಂದು ದಾರಿಯನ್ನು ಹುಡುಕಹೊರಟನು. ಜೇನುಗೂಡಿನಂತಹ ತಿರುಳಿನ ಮೇಲೆ ಕೆಳಗೆ ಅಲ್ಯೂಮಿನಿಯಂ ತಗಡನ್ನು ಅಂಟಿಸಿ, ಕುದಿಯುವ ಎಣ್ಣೆಯ ಕಾವಿನಲ್ಲಿ ಅಂಟನ್ನು ಗಟ್ಟಿಗೊಳಿಸಿದನು. ಮೊದಲ ಆರು ಜೊತೆಗಳೂ ಮುರಿದುಹೋದವು. ಆತ ಎದೆಗುಂದಲಿಲ್ಲ. ಮತ್ತೆ ಮಾಡಿದನು, ಮತ್ತೆ ಮುರಿದವು. ಕೊನೆಗೆ ಪ್ಲೈವುಡ್ಡಿನ ತಿರುಳು, ಉಕ್ಕಿನ ಅಂಚು ಸೇರಿ 1950ರ ಹೊತ್ತಿಗೆ ಹಲಗೆ ನಿಂತಿತು. 1960ರ ಚಳಿಗಾಲದ ಒಲಿಂಪಿಕ್ ಕೂಟದಲ್ಲಿ ಫ್ರಾನ್ಸಿನ ಜೀನ್ ವ್ಯುಆರ್ನೆ ಲೋಹದ ಹಲಗೆಗಳ ಮೇಲೆ ಇಳಿದು ಚಿನ್ನದ ಪದಕವನ್ನು ಗೆದ್ದನು. ಬಳಿಕ ಗಾಜಿನ ಎಳೆಗಳ ಬಟ್ಟೆಯಾದ ಫೈಬರ್‌ಗ್ಲಾಸೂ ಪದರವಾಗಿ ಬಂದು ಸೇರಿತು.

ಇದರ ಗುಟ್ಟೇನು? ಪುಸ್ತಕವೊಂದನ್ನು ಬಗ್ಗಿಸಿ ನೋಡಿರಿ. ಹಾಳೆಗಳು ಒಂದರ ಮೇಲೊಂದು ಜಾರುತ್ತವೆ; ಪುಸ್ತಕ ಸುಲಭವಾಗಿ ಬಾಗುತ್ತದೆ. ಅವೇ ಹಾಳೆಗಳನ್ನು ಅಂಟಿಸಿಬಿಟ್ಟರೆ ಅದು ಹಲಗೆಯಂತೆ ಸೆಟೆದು ನಿಲ್ಲುತ್ತದೆ. ಸ್ಕೀ ಬಾಗುವಾಗ ಒಂದು ಬದಿಯ ಪದರ ಹಿಗ್ಗಬೇಕಾಗುತ್ತದೆ, ಇನ್ನೊಂದು ಬದಿಯದು ಕುಗ್ಗಬೇಕಾಗುತ್ತದೆ. ನಡುವಿನ ತಿರುಳು ಎರಡನ್ನೂ ಜಾರಗೊಡದೆ ಹಿಡಿಯುತ್ತದೆ. ಆದುದರಿಂದಲೇ ಇಂತಹ ಹಲಗೆಯನ್ನು ಮನೆಯಲ್ಲಿ ಮಾಡಿಕೊಳ್ಳುವವರು ತಗಡನ್ನು ಉಜ್ಜಿ ಒರಟಾಗಿಸುವುದಕ್ಕೂ, ಜಿಡ್ಡನ್ನು ತೊಡೆಯುವುದಕ್ಕೂ, ರಾಳವನ್ನು ಸಮನಾಗಿ ಸವರಿ ಬಿಗಿಯಾಗಿ ಒತ್ತಿಡುವುದಕ್ಕೂ ಅಷ್ಟೊಂದು ಶ್ರಮಪಡುತ್ತಾರೆ. ಬೆರಳಗಲದ ಜಾಗ ಅಂಟದೆ ಉಳಿದರೂ ಹೊರಗೆ ಕಾಣದು. ಅದು ಬಯಲಾಗುವುದು ಇಳಿಜಾರಿನಲ್ಲಿ, ಪೂರ್ಣ ವೇಗದಲ್ಲಿ. ಅಲ್ಲಿ ಪಣವಾಗಿರುವುದು ಸವಾರನ ಕಾಲು, ಕೆಲವೊಮ್ಮೆ ಪ್ರಾಣ.

ಕನ್ನಡನಾಡಿನಲ್ಲಿ ಹಿಮವಿಲ್ಲ, ಆದರೆ ಈ ವಿದ್ಯೆಗೆ ಇಲ್ಲಿಯೂ ನೆಲೆಯುಂಟು. ಹವ್ಯಾಸಿಗಳು ಮನೆಯಲ್ಲಿಯೇ ಕಟ್ಟಿಕೊಳ್ಳಲೆಂದು ಅಮೆರಿಕದ ಬರ್ಟ್ ರುಟಾನ್ ರಚಿಸಿದ್ದ ವಿಮಾನದ ನಕ್ಷೆಯನ್ನು ಆಧರಿಸಿ, ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯವರು ಹಗುರ ನೊರೆಯ ತಿರುಳಿಗೆ ಗಾಜಿನೆಳೆಯ ಬಟ್ಟೆಯನ್ನು ಹೊದಿಸಿ ಪುಟ್ಟ ವಿಮಾನವೊಂದನ್ನು ಕಟ್ಟಿ 1987ರಲ್ಲಿ ಹಾರಿಸಿದರು. ಆ ಅನುಭವದ ಬೆನ್ನಲ್ಲಿಯೇ 1993ರಲ್ಲಿ ಅವರ ಇನ್ನೊಂದು ವಿಮಾನ ಮೇಲೇರಿತು. ಅದರ ಹೆಸರು 'ಹಂಸ'.

ನಮ್ಮ ಕವಿಗಳ ಹಂಸವು ಈ ಪಟ್ಟೆತಲೆಯ ಹೆಬ್ಬಾತೇ ಎಂದು ಹೇಳುವ ವಿದ್ವಾಂಸರಿದ್ದಾರೆ. ಹಾಗಿದ್ದರೆ ಆ ಹೆಸರು ಒಪ್ಪುವಂಥದೇ ಸರಿ. ಪದರಗಳು ಒಂದನ್ನೊಂದು ಬಿಡದೆ ಹಿಡಿದಿದ್ದರೆ ಹಗುರಾದುದೂ ಹಿಮಾಲಯವನ್ನು ದಾಟೀತೆಂಬುದನ್ನು ಬೋನಾಳದ ಅತಿಥಿ ವರ್ಷವರ್ಷವೂ ಬಂದು ತೋರಿಸಿಕೊಡುತ್ತಿದೆ.