ಹೊಲಿಗೆಯಾ, ಅಂಟಾ?

ನಮ್ಮ ಕಡೆ ಇದನ್ನ ಕಣ್ಣಿನ ದುರ್ಮಾಂಸ ಅಂತಾರೆ, ಡಾಕ್ಟರು ಟೆರಿಜಿಯಂ ಅಂತಾರೆ. ಕಣ್ಣಿನ ಬಿಳಿ ಭಾಗದ ಮೇಲಿರೋ ತೆಳುಪೊರೆ ದಪ್ಪಗಾಗಿ, ಸಾಮಾನ್ಯವಾಗಿ ಮೂಗಿನ ಕಡೆಯಿಂದ, ರೆಕ್ಕೆಯ ಹಾಗೆ ಕಪ್ಪು ಭಾಗದ ಮೇಲೆ ಹತ್ತುತ್ತೆ. ಬಿಸಿಲು, ಧೂಳಲ್ಲಿ ದುಡಿಯೋರಿಗೆ ಜಾಸ್ತಿ. ಹಿರಿಯೂರಿನ ಹತ್ತಿರ ನಲವತ್ತು ವರ್ಷ ಶೇಂಗಾ ಬೆಳೆದ ನಮ್ಮಪ್ಪನಿಗೆ ಅದು ಪಾಪೆಯ ಅಂಚಿಗೇ ಬಂದಿತ್ತು. ಆಪರೇಷನ್ ಆಗಲೇಬೇಕಿತ್ತು.

ಎರಡು ಕಡೆ ವಿಚಾರಿಸಿದೆ. ಒಂದು ಕಡೆ "ಹೊಲಿಗೆ ಇಲ್ಲ, ಅರ್ಧ ರೇಟು" ಅಂದ್ರು. ಇನ್ನೊಂದು ಕಡೆ ಹೊಲಿಗೆಗೆ ಒಂದು ರೇಟು, ಅಂಟಿಗೆ ಅದಕ್ಕಿಂತ ಹೆಚ್ಚು. ಅಮ್ಮ ಅರ್ಧ ರೇಟಿನ ಕಡೆ. ಯಾಕಿಷ್ಟು ಕಡಿಮೆ ಅಂತ ಬಿಡಿಸಿ ಕೇಳಿದಾಗ ಗೊತ್ತಾಯ್ತು: ಅಲ್ಲಿ ಹೊಲಿಯೋಕೆ ಏನೂ ಇರೋದೇ ಇಲ್ಲ! ಮಾಂಸ ಕತ್ತರಿಸಿ ಜಾಗವನ್ನ ಹಾಗೇ ಖಾಲಿ ಬಿಡ್ತಾರೆ. ಹಾಗೆ ಬಿಟ್ಟರೆ ಮತ್ತೆ ಬೆಳೆಯೋದು ತೀರಾ ಸಾಮಾನ್ಯ, ಎರಡನೇ ಸಲ ಬಂದದ್ದು ಇನ್ನೂ ಹಠಮಾರಿ. ಅದಕ್ಕೇ ಅದೇ ಕಣ್ಣಿನ ಮೇಲ್ಭಾಗದಿಂದ, ರೆಪ್ಪೆ ಮುಚ್ಚಿಕೊಳ್ಳೋ ಕಡೆ, ತೆಳುಪೊರೆಯ ತುಂಡು ತೆಗೆದು ಖಾಲಿ ಜಾಗಕ್ಕೆ ತೇಪೆ ಹಾಕೋದು. 1980ರ ದಶಕದಿಂದ ಬಳಕೆಗೆ ಬಂದ ಕ್ರಮ ಇದು. ಹೊಲಿಗೆಯೋ ಅಂಟೋ ಅನ್ನೋ ಚರ್ಚೆ ಏನಿದ್ರೂ ಈ ತೇಪೆ ಇದ್ದಾಗ ಮಾತ್ರ.

ಅಂಟು ಅಂದ ತಕ್ಷಣ ಅಪ್ಪ "ಫೆವಿಕಾಲಾ?" ಅಂದ್ರು. ಅಲ್ಲ, ಇದು ಫೈಬ್ರಿನ್. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸೋ ಎರಡು ಪ್ರೋಟೀನು, ಫೈಬ್ರಿನೋಜೆನ್ ಮತ್ತು ಥ್ರಾಂಬಿನ್, ತೇಪೆಯ ಕೆಳಗೆ ಸೇರಿದ ಕೂಡಲೇ ಹಿಡಿದುಕೊಳ್ಳುತ್ತವೆ. ದಾನಿಗಳ ರಕ್ತದಿಂದ ತಯಾರಾಗೋದರಿಂದ ಸೋಂಕಿನ ಪರೀಕ್ಷೆಯೆಲ್ಲ ಮಾಡಿರ್ತಾರೆ. ಬೆಲೆಯೂ ಹಾಗೇ ಇದೆ. (ಕೆಲವು ಡಾಕ್ಟರು ಆ ಗಾಯದಲ್ಲೇ ಒಸರೋ ರಕ್ತದಿಂದ ತೇಪೆ ಕೂರಿಸ್ತಾರೆ, ಖರ್ಚೇ ಇಲ್ಲ!)

ಹೊಲಿಗೆಯ ದಾರ ತಲೆಕೂದಲಿಗಿಂತ ತೆಳು. ಆದರೂ ರೆಪ್ಪೆ ಬಡಿದಾಗಲೆಲ್ಲ ಮರಳು ಬಿದ್ದ ಹಾಗೆ ಚುಚ್ಚುತ್ತೆ. ನೈಲಾನ್ ಆದ್ರೆ ಬಿಚ್ಚಿಸೋಕೆ ಮತ್ತೆ ಹೋಗಬೇಕು, ವಿಕ್ರಿಲ್ ತಾನೇ ಕರಗುತ್ತೆ. ಎರಡನ್ನೂ ಹೋಲಿಸಿದ ಪ್ರಯೋಗಗಳನ್ನ ಒಟ್ಟಿಗೆ ನೋಡಿದ 2016ರ ಕಾಕ್ರೇನ್ ವರದಿ ಅಂಟಿನ ಪರವಾಗಿಯೇ ಇದೆ: ಆಪರೇಷನ್ ಬೇಗ ಮುಗಿಯುತ್ತೆ, ದುರ್ಮಾಂಸ ಮರಳಿ ಬರೋದೂ ಕಡಿಮೆ. ಆದರೆ ತೇಪೆ ಬಿಟ್ಟುಕೊಳ್ಳೋದು, ಸರಿಯೋದು ಮುಂತಾದ ತೊಂದರೆ ಅಂಟಿನಲ್ಲಿ ಹೆಚ್ಚಿರಬಹುದು ಅಂತಲೂ ಹೇಳುತ್ತೆ.

ನಮಗೆ ಮುಖ್ಯವಾಗಿದ್ದು ಈ ಕೊನೆಯ ಮಾತೇ. "ಮೊದಲ ಕೆಲವು ದಿನ ಕಣ್ಣು ಉಜ್ಜದೆ ಇರ್ತೀರಾ ಯಜಮಾನ್ರೇ?" ಅಂತ ಡಾಕ್ಟರು ಕೇಳಿದ್ರು. ಹೆಗಲ ಮೇಲಿನ ಟವೆಲ್ಲಲ್ಲೇ ಕಣ್ಣೊರೆಸಿ ಅಭ್ಯಾಸವಾದ ಮನುಷ್ಯ, "ಹೇಳಕ್ಕಾಗಲ್ಲ ಸಾರ್" ಅಂದ್ರು. ವಿಕ್ರಿಲ್ ಹೊಲಿಗೆ ಅಂತ ಅಲ್ಲೇ ತೀರ್ಮಾನವಾಯ್ತು. ನನ್ನ ಕಣ್ಣಾಗಿದ್ರೆ, ಏಸಿ ರೂಮಲ್ಲಿ ಕೂರೋನು, ಅಂಟೇ ಕೇಳ್ತಿದ್ದೆ.

ವಾರವಿಡೀ ಚುಚ್ಚಿತು. "ಜಾಲಿ ಮುಳ್ಳಿಗಿಂತ ದೊಡ್ಡದಾ?" ಅಂತ ಅಪ್ಪ ಹಲ್ಲು ಕಚ್ಚಿಕೊಂಡಿದ್ರು. ತೇಪೆ ಜಾಗದಲ್ಲೇ ಇದೆ. ಈಗ ಹೊಲಕ್ಕೆ ಹೋಗುವಾಗ ಕೂಲಿಂಗ್ ಗ್ಲಾಸ್ ಕಡ್ಡಾಯ. ಊರಲ್ಲಿ ಹೀರೋ ಅಂತ ರೇಗಿಸ್ತಾರಂತೆ.